ಕೊಪ್ಪಳದ ಮಿರ್ಚಿಯೋ, ಗಂಗಾವತಿಯ ಅನ್ನವೋ?

(ಉಪನ್ಯಾಸವೊಂದರ ಬರಹ ರೂಪ)



ಅಮೆರಿಕದಲ್ಲಿ ಒಂದು ಜಗಳವಿದೆ. ಊಟಕ್ಕೆ ಯಾವ ನಗರ ಉತ್ತಮ ಎಂಬುದು ಆ ಜಗಳದ ವಿಷಯ. ನ್ಯೂಯಾರ್ಕಿನವರು ತಮ್ಮಲ್ಲಿ ಜಗತ್ತಿನ ಎಲ್ಲ ದೇಶಗಳ ಅಡುಗೆಯೂ ಸಿಗುತ್ತದೆ ಎನ್ನುತ್ತಾರೆ. ಫ್ರೆಂಚರು, ಆಫ್ರಿಕದವರು, ಸ್ಪ್ಯಾನಿಷರು ಕೂಡಿ ಕಟ್ಟಿದ ಅಡುಗೆ ತಮ್ಮದು ಎಂಬುದು ನ್ಯೂ ಆರ್ಲಿಯನ್ಸಿನವರ ಹೆಮ್ಮೆ. ಷಿಕಾಗೊದವರಿಗೆ ತಮ್ಮ ದಪ್ಪ ಪಿಜ್ಜಾದ ಮುಂದೆ ಬೇರೆಯದೆಲ್ಲ ಸಪ್ಪೆ. ಪತ್ರಿಕೆಗಳು ವರ್ಷಕ್ಕೊಮ್ಮೆ ಪಟ್ಟಿ ಪ್ರಕಟಿಸುತ್ತವೆ, ಓದುಗರು ಸಿಟ್ಟಿಗೇಳುತ್ತಾರೆ.

ಈ ಜಗಳವನ್ನು ಕೇಳಲು ಅಷ್ಟು ದೂರ ಹೋಗಬೇಕಾಗಿಲ್ಲ. ಸಂಜೆ ಐದಕ್ಕೆ ಕೊಪ್ಪಳದ ಬಸ್ ನಿಲ್ದಾಣದ ಬಳಿ ಮಿರ್ಚಿ ಬಂಡಿಯ ಮುಂದೆ ನಿಂತರೆ ಸಾಕು. ‘ಒಗ್ಗರಣಿ ಮಿರ್ಚಿ ಅಂದ್ರ ಕೊಪ್ಪಳದ್ದು’ ಎಂದು ಒಬ್ಬ ಅನ್ನುವಷ್ಟರಲ್ಲಿ ಗಂಗಾವತಿಯವನು ನಗುತ್ತಾನೆ. ಯಲಬುರ್ಗಾದವನಿಗೆ ಇವೆರಡೂ ಊಟವೇ ಅಲ್ಲ. ಬಿಳಿಜೋಳದ ರೊಟ್ಟಿ ಇಲ್ಲದ ತಾಟನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಷ್ಟಗಿಯವನು ಸಜ್ಜಿ ರೊಟ್ಟಿಯ ಮಾತು ತೆಗೆಯುತ್ತಾನೆ. 1997ರಲ್ಲಿ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದಾಗ ಅದಕ್ಕಿದ್ದುದು ಈ ನಾಲ್ಕೇ ತಾಲೂಕು. ಕನಕಗಿರಿ, ಕಾರಟಗಿ, ಕುಕನೂರು ತಾಲೂಕುಗಳಾದದ್ದು ಆಮೇಲೆ. ಒಂದೇ ಜಿಲ್ಲೆಯಾದರೂ ತಾಟು ಒಂದೇ ಅಲ್ಲ. ಏಕೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಮೊದಲು ಹಳೆಯ ಮಾತು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು ಹೆಸರಿಸುತ್ತದೆ. ಅದು 9ನೆಯ ಶತಮಾನ. ಆ ತಿರುಳ್ಗನ್ನಡದವರು ಏನು ಉಣ್ಣುತ್ತಿದ್ದರು ಎಂದು ಆ ಗ್ರಂಥ ಹೇಳುವುದಿಲ್ಲ. ಅದರ ಕಾಳಜಿ ಬೇರೆ. ಆದರೆ 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಅರಸನ ಊಟವನ್ನು ವಿಸ್ತಾರವಾಗಿ ವರ್ಣಿಸಿದ. ಇಡ್ಲಿಯ ಪೂರ್ವಜ, ದೋಸೆ, ವಡೆ, ಪೂರಿ, ಸುಟ್ಟ ಮಾಂಸ ಎಲ್ಲವೂ ಅಲ್ಲಿವೆ. ಇವನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನೇ ಇಟಗಿಯ ಮಹಾದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು. ಯಲಬುರ್ಗಾ ಆಗ ಎರಂಬರಗೆ ಎಂಬ ಹೆಸರಿನಲ್ಲಿ ಸಿಂದ ಅರಸರ ರಾಜಧಾನಿ. ಇಂದು ಬಸ್ಸು ಬದಲಿಸುವ ಊರು ಎಂದು ಅದನ್ನು ಹಗುರವಾಗಿ ಕಾಣುವವರು ಇದನ್ನು ನೆನಪಿಡಬೇಕು.

ಅಷ್ಟೆಲ್ಲ ಭಕ್ಷ್ಯಗಳಿದ್ದ ಸೋಮೇಶ್ವರನ ಅಡುಗೆಮನೆಯಲ್ಲಿ ಒಂದು ಮಿರ್ಚಿ ಮಾತ್ರ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಹಸಿ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ, ಪೋರ್ಚುಗೀಸರ ಹಡಗುಗಳಲ್ಲಿ ಅದು ಈ ಕಡೆಗೆ ಬಂತು. ಅದಕ್ಕೂ ಮೊದಲು ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹೊಸದಾಗಿ ಬಂದ ಕಾಯಿಗೆ ಜನ ಹಳೆಯ ಮೆಣಸಿನ ಹೆಸರನ್ನೇ ಇಟ್ಟು ‘ಮೆಣಸಿನಕಾಯಿ’ ಎಂದರು. ಶೇಂಗಾ ಕೂಡ ಅಮೆರಿಕದ್ದೇ. ಶೇಂಗಾ ಹಿಂಡಿಯಿಲ್ಲದ ರೊಟ್ಟಿಯನ್ನು ಈ ನಾಲ್ಕೂ ತಾಲೂಕಿನಲ್ಲಿ ಯಾರೂ ಊಹಿಸಲಾರರು. ಅದು ಬರುವ ಮುನ್ನ ಕುಸುಬಿ, ಎಳ್ಳು, ಗುರೆಳ್ಳು, ಅಗಸಿಗಳೇ ಎಣ್ಣೆಗೂ ಹಿಂಡಿಗೂ ಆಧಾರ. ಟೊಮೆಟೊ, ಗೋವಿನಜೋಳ ಕೂಡ ಅದೇ ದಾರಿಯಲ್ಲಿ ಬಂದವು. ಅಮೆರಿಕದ ನಗರಗಳ ಊಟದ ಜಗಳ ಇಲ್ಲಿಯವರಿಗೆ ಸಂಬಂಧವಿಲ್ಲ ಎನ್ನುವವರು ತಮ್ಮ ಕೈಯಲ್ಲಿರುವ ಮಿರ್ಚಿಯನ್ನೊಮ್ಮೆ ನೋಡಿಕೊಳ್ಳಲಿ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಯೆಸ್ ಇಲ್ಲಿನ ಅಕ್ಕಿ, ಜೋಳ, ಕಾಳುಕಡಿಗಳ ಸಮೃದ್ಧಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅಕ್ಕಿ ಮತ್ತು ಜೋಳ ಆಗಲೇ ಅಕ್ಕಪಕ್ಕ ಇದ್ದವು. ಗಂಗಾವತಿಯ ಅನ್ನ ತುಂಗಭದ್ರಾ ಅಣೆಕಟ್ಟಿನಿಂದ ಹುಟ್ಟಿತು ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ. ಆನೆಗುಂದಿ, ಹುಲಿಗಿ, ಶಿವಪುರ, ಗಂಗಾವತಿಯ ಕಾಲುವೆಗಳು ವಿಜಯನಗರ ಕಾಲದವು. ಅವುಗಳ ನೀರಿನಲ್ಲಿ ನದಿಯ ಎಡದಂಡೆಯಲ್ಲಿ ಭತ್ತ, ಬಾಳೆ ಬೆಳೆಯುತ್ತಲೇ ಬಂದಿವೆ. ಆದರೆ ಅದು ನದಿಗೆ ಅಂಟಿದ ಸಣ್ಣ ಹಸಿರು ಅಂಚು. ಅದನ್ನು ದಾಟಿದರೆ ಜೋಳದ ಹೊಲ.

1953ರಲ್ಲಿ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಕೊಪ್ಪಳ ತಾಲೂಕಿನ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳತ್ತ ಸಾಗುತ್ತದೆ. ಎತ್ತರದಲ್ಲಿದ್ದ ಕುಷ್ಟಗಿ, ಯಲಬುರ್ಗಾಗಳಿಗೆ ಅದರ ಹನಿ ನೀರೂ ಮುಟ್ಟಲಿಲ್ಲ. ಇಂದಿನ ಎರಡು ಬಗೆಯ ತಾಟುಗಳನ್ನು ನಿರ್ಧರಿಸಿದ್ದು ನೆಲದ ಈ ಏರುತಗ್ಗು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಈ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿ ಭತ್ತವೇ ಮುಖ್ಯ ಬೆಳೆಯಾಗಿರಲಿಲ್ಲ. ಬರಪೀಡಿತ ಸೀಮೆಗೆ ಹೆಚ್ಚು ವಿಸ್ತಾರದಲ್ಲಿ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ ಉಳಿಸುವುದು ಉದ್ದೇಶ. ಯಾವ ಹೊಲಕ್ಕೆ ಯಾವ ಬೆಳೆ ಎಂದು ಕಾಗದದ ಮೇಲೆ ಗೊತ್ತುಪಡಿಸಲಾಗಿತ್ತು. ಆದರೆ ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದರು, ಜಮೀನು ಕೊಂಡರು, ಕ್ಯಾಂಪುಗಳನ್ನು ಕಟ್ಟಿದರು. ಗೋದಾವರಿ, ಕೃಷ್ಣಾ ಮುಖಜಭೂಮಿಯಲ್ಲಿ ಭತ್ತ ಬೆಳೆದ ಕೈಗಳು ಅವು. ಅವರನ್ನು ನೋಡಿ ಸ್ಥಳೀಯರೂ ಭತ್ತಕ್ಕೆ ಇಳಿದರು. ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ತುಂಬಿತು. ಕೆಳಭಾಗದ ರಾಯಚೂರು ಕಡೆಯ ರೈತ ನೀರಿಗಾಗಿ ಕಾದ, ಇಂದಿಗೂ ಕಾಯುತ್ತಿದ್ದಾನೆ. ಗಂಗಾವತಿಗೆ ‘ಭತ್ತದ ಕಣಜ’ ಎಂಬ ಬಿರುದು ಬಂತು, ಅಕ್ಕಿ ಗಿರಣಿಗಳು ಸಾಲುಗಟ್ಟಿದವು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ ‘ಗಂಗಾವತಿ ಸೋನಾ’ ಎಂಬ ತಳಿಯೂ ಹೊರಬಂತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಗಂಗಾವತಿ ಸೀಮೆ ನಿದ್ದೆಗೆಟ್ಟಿತು. ಒಂದು ಊರಿನ ಊಟ ಒಂದು ಸರಪಳಿಗೆ ಜೋತುಬಿದ್ದಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು.

ಕ್ಯಾಂಪುಗಳು ಗಂಗಾವತಿಯ ತಾಟಿಗೆ ಕೊಟ್ಟದ್ದು ಸಣ್ಣದಲ್ಲ. ಆವಕಾಯಿ, ಪಪ್ಪು, ಪುಳಿಹೋರ, ಗೋಂಗೂರ ಅಲ್ಲಿ ಪರಕೀಯವಲ್ಲ. ಗೋಂಗೂರದ ವಿಷಯದಲ್ಲಿ ಒಂದು ತಮಾಷೆಯಿದೆ. ಕ್ಯಾಂಪಿನವರ ಗೋಂಗೂರ, ಯಲಬುರ್ಗಾ ಅಜ್ಜಿಯ ಪುಂಡಿಪಲ್ಲೆ ಎರಡೂ ಒಂದೇ ಸೊಪ್ಪು. ಒಬ್ಬರು ಅದನ್ನು ಎಣ್ಣೆಯಲ್ಲಿ ಹುರಿದು ಖಾರ ಹಾಕಿ ಅನ್ನಕ್ಕೆ ಕಲಸಿದರು. ಇನ್ನೊಬ್ಬರು ಜೋಳದ ನುಚ್ಚು ಬೆರೆಸಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಗೆ ಹಚ್ಚಿದರು. ಯಾರದು ರುಚಿ ಎಂದು ಜಗಳವಾಡುವವರು ಎಷ್ಟೋ ಸಲ ಒಂದೇ ಗಿಡದ ಎರಡು ಹೆಸರುಗಳ ಬಗ್ಗೆ ಜಗಳವಾಡುತ್ತಿರುತ್ತಾರೆ.

ಈಗ ಒಣಬೇಸಾಯದ ಸೀಮೆ. ಯಲಬುರ್ಗಾದ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಮಣ್ಣಿನ ತೇವದಲ್ಲಿ, ಚಳಿಯ ಮಂಜಿನಲ್ಲಿ ಬೆಳೆಯುತ್ತದೆ. ತೆನೆ ಹಾಲುಗಟ್ಟಿ ಇನ್ನೂ ಎಳೆಯದಿರುವಾಗ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಕೈಯಲ್ಲಿ ಉಜ್ಜಿ ತಿನ್ನುವ ಸೀತನಿಯ ರುಚಿಯನ್ನು ಯಾವ ಹೋಟೆಲಿನವನೂ ಮಾರಲಾರ. ಅದಕ್ಕೆ ಹೊಲಕ್ಕೇ ಹೋಗಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವ ಊಟವೂ ಹಾಗೆಯೇ. ಕುಷ್ಟಗಿಯ ಮಸಾರಿ ನೆಲದಲ್ಲಿ ಸಜ್ಜೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿ, ಎಣಗಾಯಿ, ಕಾಳುಪಲ್ಲೆ, ಕೆನೆಮೊಸರು. ಹೆದ್ದಾರಿ ಹಾದುಹೋಗುವುದರಿಂದ ಕುಷ್ಟಗಿಯ ಸುತ್ತ ಧಾಬಾಗಳೂ ಉಂಟು. ಅಲ್ಲಿ ಸಿಗುವುದು ಲಾರಿಯವರ ಊಟ, ಕುಷ್ಟಗಿಯ ಊಟವಲ್ಲ. ಧಾಬಾ ನೋಡಿ ಊರನ್ನು ಅಳೆದವರು ಮೋಸಹೋಗುತ್ತಾರೆ.

ಕೊಪ್ಪಳ ಈ ಎರಡು ಸೀಮೆಗಳ ನಡುವೆ ಕುಳಿತ ಸಂತೆ. ಅದರ ಒಗ್ಗರಣಿ ಮಿರ್ಚಿಯನ್ನೇ ಬಿಡಿಸಿ ನೋಡಬಹುದು. ಕಡಲೆಹಿಟ್ಟು ಎರೆಹೊಲದ್ದು. ಮಂಡಾಳು ಭತ್ತದ್ದು, ಅಂದರೆ ನೀರಾವರಿಯದು. ಎರಡೂ ಸೇರಿದರೇ ಆ ತಾಟು. ಇನ್ನು ಗವಿಮಠದ ಜಾತ್ರೆ. ಪುಷ್ಯ ಮಾಸದಲ್ಲಿ ನಡೆಯುವ ಆ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿದು ಒಣಗಿಸಿಡುತ್ತಾರೆ. ಬಂಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮಹಾದಾಸೋಹಕ್ಕೆ ಬಂದು ಬೀಳುತ್ತವೆ. ಜೊತೆಗೆ ಮಾದಲಿ, ಪಲ್ಲೆ, ಹಿಂಡಿ, ಅನ್ನ, ಸಾರು. ಈಚಿನ ವರ್ಷಗಳಲ್ಲಿ ಒಂದು ದಿನ ಮಿರ್ಚಿಯೂ. ಅಲ್ಲಿ ಯಾವ ತಾಲೂಕಿನ ರೊಟ್ಟಿ ಯಾವುದೆಂದು ಗುರುತಿಸಲು ಯಾರಿಂದಲೂ ಆಗದು.

ಹಾಗಾದರೆ ತೀರ್ಪು? ಪೇಟೆಯ ತಿನಿಸಿಗೆ ಕೊಪ್ಪಳ. ಬಗೆಬಗೆಯ ಊಟಕ್ಕೆ ಗಂಗಾವತಿ. ಇದನ್ನು ಉಳಿದವರು ಒಪ್ಪಲೇಬೇಕು. ಮನೆಯ ಅಡುಗೆಗೆ ಮಾತ್ರ ಯಲಬುರ್ಗಾ, ಕುಷ್ಟಗಿಗಳನ್ನು ಮೀರಿಸುವುದು ಕಷ್ಟ. ಆದರೆ ಆ ಮನೆಗಳಲ್ಲೇ ಈಗ ತಾಟು ಬದಲಾಗುತ್ತಿದೆ. ಒಂದು ಕಾಲಕ್ಕೆ ಹಬ್ಬಕ್ಕೆ ಮಾತ್ರ ಅನ್ನ, ದಿನಕ್ಕೆ ರೊಟ್ಟಿ. ಅನ್ನ ಉಳ್ಳವರದು, ರೊಟ್ಟಿ ಇಲ್ಲದವರದು. ಬರದ ವರ್ಷಗಳಲ್ಲಿ ರೊಟ್ಟಿಗೂ ಗತಿಯಿಲ್ಲದಾಗ ಅಮೆರಿಕದಿಂದ ಹಡಗಿನಲ್ಲಿ ಬಂದ ಕೆಂಪುಜೋಳವನ್ನು ಜನ ಮೂಗು ಮುರಿಯುತ್ತಲೇ ತಿಂದರು. 1960–70ರ ದಶಕಗಳಲ್ಲಿ ಶಾಲೆಗೆ ಹೋದವರು ಗೋವಿನಜೋಳದ ಹಳದಿ ‘ಕೇರ್ ಉಪ್ಪಿಟ್ಟು’ ಮರೆತಿಲ್ಲ. ಇಂದು ಪಡಿತರದ ಅಕ್ಕಿ ಮನೆಗೆ ಬರುತ್ತದೆ, ಜೋಳವನ್ನು ಸಂತೆಯಲ್ಲಿ ದುಡ್ಡು ಕೊಟ್ಟು ತರಬೇಕು. ಎರೆಹೊಲದಲ್ಲಿ ಗೋವಿನಜೋಳ, ಕಡಲೆ ಹೆಚ್ಚು ಹಣ ತರುತ್ತವೆ. ಜೋಳ ಬಿತ್ತುವವನೂ ದನದ ಮೇವಿನ ಲೆಕ್ಕ ಹಾಕಿಯೇ ಬಿತ್ತುತ್ತಾನೆ. ರೊಟ್ಟಿ ಈಗ ಉಳ್ಳವರ ಊಟವಾಗುವ ದಾರಿಯಲ್ಲಿದೆ. ನಗರದ ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದಾರೆ.

ಇನ್ನೊಂದು ಮಾತನ್ನು ಬಂಡಿಯ ಮುಂದೆ ನಿಂತು ಜಗಳವಾಡುವ ಗಂಡಸರು ಎತ್ತುವುದೇ ಇಲ್ಲ. ಜೋಳದ ಹಿಟ್ಟಿಗೆ ಗೋಧಿಯಂತೆ ಜಿಗುಟಿಲ್ಲ. ಕುದಿನೀರು ಹಾಕಿ ನಾದಿ, ಬಿಸಿಯಿರುವಾಗಲೇ ಅಂಗೈಯಿಂದ ತಿರುಗಿಸುತ್ತ ಬಡಿಯಬೇಕು. ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು. ಕೈ ಪಳಗಲು ವರ್ಷಗಳೇ ಬೇಕು, ಒಲೆಯ ಝಳ ಬೇರೆ. ಕಲಿತ ಹುಡುಗಿಯರು ಅದನ್ನು ಕಲಿಯಲು ಒಲ್ಲೆ ಎಂದರೆ ಅವರನ್ನು ದೂರುವ ಹಕ್ಕು ಒಮ್ಮೆಯೂ ರೊಟ್ಟಿ ಬಡಿಯದವರಿಗೆ ಇಲ್ಲ. ಪಟ್ಟಣಗಳಲ್ಲಿ ಈಗ ಖಾನಾವಳಿಗಳಿಗೆ, ಮದುವೆಗಳಿಗೆ ರೊಟ್ಟಿ ಬಡಿದು ಕೊಟ್ಟು ಸಂಸಾರ ನಡೆಸುವ ಹೆಂಗಸರಿದ್ದಾರೆ. ಮನೆಯಲ್ಲಿ ಬೆಲೆಯಿಲ್ಲದೆ ಹೋದ ಕೆಲಸಕ್ಕೆ ಅಲ್ಲಿ ಎಣಿಸಿ ಹಣ ಸಿಗುತ್ತದೆ.

ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾಗಳಿಂದ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುವವರ ಗಂಟಿನಲ್ಲಿ ಮೊದಲು ಕಟ್ಟುವುದು ಕಟಿರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿಯ ಡಬ್ಬಿ. ವಾರಗಟ್ಟಲೆ ಕೆಡುವುದಿಲ್ಲ. ಊರು ಬಿಟ್ಟ ಮೊದಲ ದಿನಗಳಲ್ಲಿ, ಹೊಸ ಕಟ್ಟಡದ ನೆರಳಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುವ ತನಕ, ಅವರ ಊಟ ಅದೇ. ಗಂಟು ಖಾಲಿಯಾದ ಮೇಲೆ ಅನ್ನ.