ಹಬ್ಬದ ಬೆಳಗಿನ ದೋಸೆ



ರಾಜ್ಯೋತ್ಸವದ ವೇದಿಕೆಯ ಮೇಲೆ ದೋಸೆಯ ಮಾತೇ ಎಂದು ತಾವು ಹುಬ್ಬೇರಿಸಬಹುದು. ಆದರೆ ನವೆಂಬರ್ 1ರ ಆಸುಪಾಸಿನಲ್ಲಿಯೇ ದೀಪಾವಳಿ ಬರುತ್ತದೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಮನೆಗಳಲ್ಲಿ ಕನ್ನಡ ಹೆಚ್ಚಾಗಿ ಕೇಳಿಸುವುದು ಅಡಿಗೆಮನೆಯಲ್ಲಿಯೇ. ದೋಸೆಯೂ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಧೋಸಕ’ದ ಉಲ್ಲೇಖವಿದೆ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆನೀರಾದ ಮೇಲೆ ಕರಾವಳಿಯವರಾದ ನಮ್ಮ ಮನಸ್ಸು ಬಯಸುವುದು ಸಿಹಿ ದೋಸೆಯನ್ನು. ಕೊಂಕಣಿ ಮಾತನಾಡುವ ನೆರೆಯವರು ಇದನ್ನೇ ಸುರ್ನಳಿ ಎನ್ನುತ್ತಾರೆ. 2 ಲೋಟ ಅಕ್ಕಿಯನ್ನು 1 ಚಮಚ ಮೆಂತ್ಯದೊಡನೆ ನಾಲ್ಕು ಗಂಟೆ ನೆನೆಯಿಡಬೇಕು. ಅರ್ಧ ಲೋಟ ಗಟ್ಟಿ ಅವಲಕ್ಕಿಯನ್ನು ಹುಳಿಮಜ್ಜಿಗೆಯಲ್ಲಿ ನೆನೆಸಿ, 1 ಲೋಟ ತೆಂಗಿನ ತುರಿ, ಮುಕ್ಕಾಲು ಲೋಟ ಬೆಲ್ಲ, ಸ್ವಲ್ಪ ಅರಿಸಿನ, ಉಪ್ಪು ಇವೆಲ್ಲವನ್ನೂ ಅಕ್ಕಿಯೊಡನೆ ಸೇರಿಸಿ ನುಣ್ಣಗೆ, ಗಟ್ಟಿಯಾಗಿ ರುಬ್ಬಬೇಕು. ಸಂಜೆ ರುಬ್ಬಿದ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಹುಳಿಯನ್ನೂ ಗಾಳಿಗುಳ್ಳೆಗಳನ್ನೂ ಉಂಟುಮಾಡುವುದೇ ಇದಕ್ಕೆ ಕಾರಣ. ಆದುದರಿಂದ ಪಾತ್ರೆ ದೊಡ್ಡದಿರಲಿ.

ಕಾವಲಿ ಕಾದ ಮೇಲೆ ಬದನೆಯ ತೊಟ್ಟಿನಿಂದ ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹೊಯ್ದು, ತೆಳ್ಳಗೆ ಹರಡದೆ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆಲ್ಲವಿರುವುದರಿಂದ ಉರಿ ಹೆಚ್ಚಾದರೆ ತಳ ಬೇಗ ಕಪ್ಪಾಗುತ್ತದೆ. ಮೇಲೆಲ್ಲ ತೂತು ಬಿದ್ದು ಹಸಿ ಆರಿತೆಂದರೆ ಬೆಂದಂತೆ, ಮಗುಚಬೇಕಾಗಿಲ್ಲ. ಬೆಣ್ಣೆ ಹಚ್ಚಿ ಬಿಸಿಯಾಗಿಯೇ ತಿನ್ನಬೇಕು.

ನಾವು ಹೇಳಬೇಕೆಂದಿರುವುದು ಈ ಬಿಸಿಯ ವಿಚಾರವನ್ನೇ. ಒಂದು ದೋಸೆಗೆ 3 ನಿಮಿಷ ಹಿಡಿಯಿರಿ. ಐವರಿರುವ ಮನೆಯಲ್ಲಿ ತಲಾ 3ರಂತೆ 15 ದೋಸೆ; ಅಂದರೆ 45 ನಿಮಿಷ. ಅಷ್ಟು ಹೊತ್ತು ಒಲೆಯ ಮುಂದೆ ನಿಲ್ಲುವವರು ಯಾರು? ಎಲ್ಲರಿಗಿಂತ ಮೊದಲು ಎದ್ದ ಮನೆಯಾಕೆ. ಉಳಿದವರು ಬಿಸಿಬಿಸಿ ತಿಂದು ಕೈ ತೊಳೆಯುವಾಗ ಆಕೆ ಕೊನೆಯ ದೋಸೆಯೊಡನೆ ಒಬ್ಬಳೇ ಕುಳಿತುಕೊಳ್ಳುತ್ತಾಳೆ. ನಮ್ಮ ಅನೇಕ ಮನೆಗಳಲ್ಲಿ ಆಕೆಯೂ ವಾರವಿಡೀ ಲೋಕಲ್ ಗಾಡಿಯಲ್ಲಿ ನಿಂತು ಕಚೇರಿಗೆ ಹೋಗಿ ಬರುವವಳು. ಹಿಟ್ಟನ್ನು ಅಂಗಡಿಯಿಂದ ತಂದರಾಯಿತು ಎನ್ನುವವರುಂಟು. ಅದರಿಂದ ರುಬ್ಬುವ ಕೆಲಸ ಉಳಿದೀತು. ಒಲೆಯ ಮುಂದೆ ನಿಲ್ಲುವುದು ಉಳಿಯದು.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಮೂರು ದೋಸೆ ತಿನ್ನುವವರು ಮೂರು ದೋಸೆ ಹೊಯ್ಯಲಿ. ಯಜಮಾನರೂ ಸೌಟು ಹಿಡಿಯಲಿ. ದೊಡ್ಡವರ ಪಕ್ಕದಲ್ಲಿ ನಿಂತು ಮಗಳಂತೆ ಮಗನೂ ಕಲಿಯಲಿ. ಇದರಿಂದ ಇನ್ನೊಂದು ಲಾಭವೂ ಉಂಟು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಮರಾಠಿ ಆಡುವ ನಮ್ಮ ಮಕ್ಕಳಿಗೆ ನೆನೆಸು, ರುಬ್ಬು, ಸವರು, ಹೊಯ್ಯು ಎಂಬ ಮಾತುಗಳನ್ನು ಪುಸ್ತಕದಿಂದ ಕಲಿಸುವುದು ಕಷ್ಟ. ಕೈ ಕೆಲಸ ಮಾಡುತ್ತಿದ್ದರೆ ಅವು ತಾವಾಗಿಯೇ ನಾಲಗೆಗೆ ಬರುತ್ತವೆ.

ಮುಂದಿನ ನರಕ ಚತುರ್ದಶಿಯಂದು ಮನೆಯಾಕೆಯನ್ನು ಮೊದಲು ಕೂರಿಸಿ ಬಡಿಸಿರಿ. ಮೊದಲನೆಯ ದೋಸೆ ಕಾವಲಿಗೆ ಅಂಟುವುದು ವಾಡಿಕೆ. ಅದನ್ನು ಹೊಯ್ದವರೇ ತಿಂದು, ಎರಡನೆಯದನ್ನು ಆಕೆಯ ತಟ್ಟೆಗೆ ಹಾಕಿರಿ.