ದಾರಿ ಬಂದ ಮೇಲೆ: ಕಾಕಸಸ್ ಬೆಟ್ಟಗಳ ಮೆಸ್ತಿಯಾ

ಒಂದು ಊರು ಎಷ್ಟು ದೂರ ಎಂದು ಕೇಳಿದರೆ ಬಯಲುಸೀಮೆಯ ನಾವು ಕಿಲೋಮೀಟರುಗಳಲ್ಲಿ ಉತ್ತರ ಹೇಳುತ್ತೇವೆ. ಹಿಮದ ಬೆಟ್ಟಗಳಲ್ಲಿ ಆ ಲೆಕ್ಕ ಸಾಲದು. ಯಾವ ತಿಂಗಳಲ್ಲಿ ಹೋಗುತ್ತೀರಿ ಎಂಬುದೂ ಮುಖ್ಯ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ನಡುವೆ ಗೋಡೆಯಂತೆ ನಿಂತ ಕಾಕಸಸ್ ಪರ್ವತಗಳ ಮಡಿಲಲ್ಲಿ ಮೆಸ್ತಿಯಾ ಎಂಬ ಪುಟ್ಟ ಊರಿದೆ. ಬೇಸಿಗೆಯಲ್ಲಿ ಕೆಳಗಿನ ಪಟ್ಟಣದಿಂದ ಅಲ್ಲಿಗೆ ಕೆಲವು ತಾಸುಗಳ ಪ್ರಯಾಣ. ಮೋಟಾರು ರಸ್ತೆ ಬರುವ ಮೊದಲಾದರೋ, ಚಳಿಗಾಲ ಬಂತೆಂದರೆ ಆ ಕಣಿವೆಯೇ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆ ದೂರ ಊರಿಗೆ ಏನು ಕೊಟ್ಟಿತು, ದೂರ ಕರಗಿದ ಮೇಲೆ ಏನಾಗುತ್ತಿದೆ ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೆಸ್ತಿಯಾ ಇರುವುದು ಜಾರ್ಜಿಯ ದೇಶದಲ್ಲಿ. ಅಮೆರಿಕದ ಜಾರ್ಜಿಯ ಬೇರೆ. ಇದು 1991ರವರೆಗೆ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ನಾಡು. ಅದರ ವಾಯವ್ಯ ಮೂಲೆಯ ಎತ್ತರದ ಸೀಮೆಯ ಹೆಸರು ಸ್ವಾನೇತಿ, ಅಲ್ಲಿಯ ಜನ ಸ್ವಾನರು. ರಾಜಧಾನಿ ತಿಬಿಲಿಸಿಯಿಂದ ರೈಲು ಹಿಡಿದರೆ ಜುಗ್ದೀದಿ ಪಟ್ಟಣ. ಅಲ್ಲಿಂದ ಸಣ್ಣ ವ್ಯಾನಿನಲ್ಲಿ ಸುಮಾರು 136 ಕಿಲೋಮೀಟರು. ದಾರಿಯಲ್ಲಿ 271 ಮೀಟರಿಗೂ ಮಿಗಿಲಾದ ಎತ್ತರದ ಎಂಗೂರಿ ಅಣೆಕಟ್ಟು ಕಾಣುತ್ತದೆ. ಆಮೇಲೆ ಎಂಗೂರಿ ನದಿಯ ಕಮರಿಯನ್ನೇ ಹಿಡಿದು ರಸ್ತೆ ಮೇಲೇರುತ್ತದೆ. 2010ರಲ್ಲಿ ಮೆಸ್ತಿಯಾದಲ್ಲಿ ವಿಮಾನ ನಿಲ್ದಾಣವೂ ಆಯಿತು. ಆದರೆ ಮೋಡ ಕವಿದರೆ ಆ ಪುಟ್ಟ ವಿಮಾನ ಏಳುವುದಿಲ್ಲ.

ಊರು ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಮೇಲಿದೆ. 2014ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು ಎರಡು ಸಾವಿರ. ಸುತ್ತಲಿನ ಪರ್ವತಗಳಲ್ಲಿ 4,710 ಮೀಟರಿನ ಜೋಡಿ ಶಿಖರ ಉಷ್ಬಾ ಇದೆ. ಅಲ್ಲಿಂದ ಇನ್ನೂ ಸುಮಾರು 45 ಕಿಲೋಮೀಟರು ಒಳಕ್ಕೆ ಹೋದರೆ ಉಷ್ಗುಲಿ ಎಂಬ ಹಳ್ಳಿಗಳ ಗುಂಪು. ಅದರ ಎತ್ತರ ಸುಮಾರು 2,100 ಮೀಟರು. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ ಅಲ್ಲಿ ಜನ ಮನೆ ಕಟ್ಟಿ, ಆಲೂಗೆಡ್ಡೆ ಬೆಳೆದು, ದನ ಸಾಕಿ ಬದುಕಿದ್ದಾರೆ!

ಊರು ಹತ್ತಿರವಾದಂತೆ ಮೊದಲು ಕಣ್ಣಿಗೆ ಬೀಳುವುವು ಗೋಪುರಗಳು. ದೇವಾಲಯದ ಗೋಪುರಗಳಲ್ಲ, ಮನೆಯ ಗೋಪುರಗಳು. ಹಲವು ಮನೆಗಳ ಮಗ್ಗುಲಲ್ಲಿ ಮೂರರಿಂದ ಐದು ಅಂತಸ್ತಿನ ಕಲ್ಲಿನ ಗೋಪುರವಿದೆ. ಹೆಚ್ಚಿನವು 9ರಿಂದ 13ನೆಯ ಶತಮಾನದ ನಡುವೆ ಕಟ್ಟಿದವು ಎನ್ನುತ್ತಾರೆ. ಗೋಡೆ ಬುಡದಲ್ಲಿ ದಪ್ಪ, ಮೇಲೇರಿದಂತೆ ತೆಳು. ಹೀಗಾಗಿ ಭಾರವೆಲ್ಲ ಕೆಳಗೆ ಉಳಿಯುತ್ತದೆ. ಒಳಗೆ ಅಂತಸ್ತಿನಿಂದ ಅಂತಸ್ತಿಗೆ ಮರದ ಏಣಿ; ಹತ್ತಿದವರು ಏಣಿಯನ್ನು ಮೇಲೆಳೆದುಕೊಂಡರೆ ಕೆಳಗಿನವರಿಗೆ ದಾರಿಯಿಲ್ಲ. ಹೊರಗಿನ ಶತ್ರು ಬಂದಾಗ ಇದು ಕೋಟೆ. ಮನೆಮನೆಗಳ ನಡುವೆ ರಕ್ತದ್ವೇಷ ಹೊತ್ತಿದಾಗಲೂ ಇದೇ ಆಶ್ರಯ. ಕೊಲೆಗೆ ಕೊಲೆ ಎಂಬ ಆ ದ್ವೇಷದ ಕಟ್ಟಳೆ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. ಚೆಲುವಾಗಿ ಕಾಣುವ ಗೋಪುರದ ಹಿಂದೆ ಈ ಭಯದ ಕಥೆಯೂ ಇದೆ ಎಂಬುದನ್ನು ನೋಡುವವರು ಮರೆಯಬಾರದು.

ಗೋಪುರಕ್ಕೆ ಅಂಟಿದ ಮನೆಯೂ ನೋಡತಕ್ಕದ್ದು. ಕೆಳಗಿನ ದೊಡ್ಡ ಕೋಣೆಯ ನಡುವೆ ಒಲೆ, ಗೋಡೆಯುದ್ದಕ್ಕೂ ಕೆತ್ತನೆಯ ಮರದ ಗೋದಲಿಗಳು. ಚಳಿಗಾಲದಲ್ಲಿ ಮನೆಮಂದಿ, ದನಕರು ಎಲ್ಲರೂ ಇಲ್ಲೇ. ಪ್ರಾಣಿಗಳ ಮೈಶಾಖವೂ ಮನೆ ಬೆಚ್ಚಗಿಡಲು ಬೇಕು. ಮೇಲಿನ ಅಟ್ಟದಲ್ಲಿ ಮೇವು. ಒಂದು ಕಡ್ಡಿ ಸೌದೆಯನ್ನೂ ಪೋಲು ಮಾಡದ ಜಾಣತನ ಇದು.

ದೂರ ಕೊಟ್ಟ ದೊಡ್ಡ ಕೊಡುಗೆಯನ್ನು ಮೆಸ್ತಿಯಾದ ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ಜಾರ್ಜಿಯದ ಬಯಲಿನ ಮೇಲೆ ದಂಡಯಾತ್ರೆಗಳು ನಡೆದಾಗಲೆಲ್ಲ ಅಲ್ಲಿನ ಇಗರ್ಜಿಗಳ ಬೆಲೆಬಾಳುವ ವಸ್ತುಗಳನ್ನು ಈ ಬೆಟ್ಟಗಳಿಗೆ ಸಾಗಿಸಿ ಬಚ್ಚಿಡುತ್ತಿದ್ದರು. ಬೆಳ್ಳಿಯ ತಗಡು ಹೊದಿಸಿದ ಪವಿತ್ರಚಿತ್ರಗಳು, ಶಿಲುಬೆಗಳು, ತೊಗಲಿನ ಮೇಲೆ ಬರೆದ ಗ್ರಂಥಗಳು ಹೀಗೆ ಉಳಿದುಕೊಂಡವು. ಕ್ರಿ.ಶ. 897ರಲ್ಲಿ ಬರೆದ ಅದೀಷಿಯ ಸುವಾರ್ತಾ ಗ್ರಂಥ ಅವುಗಳಲ್ಲಿ ಒಂದು. ಒಂದು ನಾಡಿನ ನೆನಪನ್ನು ಕಾಪಾಡಿದ್ದು ಯಾವ ಭದ್ರ ಖಜಾನೆಯೂ ಅಲ್ಲ, ಹಿಮ ಮತ್ತು ಕೆಟ್ಟ ದಾರಿ!

ದೂರಕ್ಕೆ ಇನ್ನೊಂದು ಮುಖವೂ ಇದೆ. ದೃಶ್ಯಮಾಧ್ಯಮದಲ್ಲಿ ದುಡಿಯುವ ನನ್ನಂಥವರಿಗೆ ಸ್ವಾನೇತಿಯ ಪರಿಚಯ ಆಗುವುದು ಒಂದು ಹಳೆಯ ಮೂಕಿ ಚಿತ್ರದಿಂದ. ಮಿಖಾಯಿಲ್ ಕಲತೋಜೋವ್ 1930ರಲ್ಲಿ ಮಾಡಿದ ಆ ಚಿತ್ರದ ಹೆಸರು 'ಸ್ವಾನೇತಿಗೆ ಉಪ್ಪು'. ಉಷ್ಗುಲಿಯಲ್ಲಿ ಎಲ್ಲವನ್ನೂ ಜನ ತಾವೇ ಮಾಡಿಕೊಳ್ಳುತ್ತಾರೆ, ಉಪ್ಪೊಂದನ್ನು ಬಿಟ್ಟು. ಉಪ್ಪಿಲ್ಲದ ದನಗಳು ಮನುಷ್ಯರ ಬೆವರನ್ನು ನೆಕ್ಕುವ ದೃಶ್ಯ ನೋಡಿದವರು ಮರೆಯಲಾರರು. ಕೊನೆಗೆ ಹೊಸ ಸರ್ಕಾರದ ರಸ್ತೆ ಬೆಟ್ಟ ಸೀಳಿಕೊಂಡು ಬರುತ್ತದೆ. ಅದು ಪ್ರಚಾರದ ಚಿತ್ರ, ಹಲವು ದೃಶ್ಯಗಳು ಕ್ಯಾಮೆರಾಕ್ಕಾಗಿಯೇ ಆಡಿಸಿದವು. ಆದರೂ ಅದರ ಮೂಲದ ಮಾತು ಸುಳ್ಳಲ್ಲ. ಉಪ್ಪಿಲ್ಲದೆ, ವೈದ್ಯರಿಲ್ಲದೆ ಬದುಕಿದವರಿಗೆ ದೂರ ಎಂಬುದು ಚೆಲುವಿನ ವಸ್ತುವಾಗಿರಲಿಲ್ಲ. ಇಂದು ಸ್ವಾನೇತಿಯ ಉಪ್ಪೇ ಹೆಸರುವಾಸಿ: ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಮೆಂತ್ಯದ ಜಾತಿಯದೇ ಆದ ಒಂದು ಸೊಪ್ಪು, ಒಣಗಿದ ಚೆಂಡುಹೂವು, ಮೆಣಸಿನಕಾಯಿ ಕುಟ್ಟಿ ಬೆರೆಸಿದ ಘಮಘಮಿಸುವ ಉಪ್ಪು. ಪ್ರವಾಸಿಗರು ಅದನ್ನು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ!

ರಸ್ತೆ ಬಂದ ಮೇಲೂ ಕಷ್ಟ ಮುಗಿಯಲಿಲ್ಲ. 1987ರ ಚಳಿಗಾಲದ ಭೀಕರ ಹಿಮಕುಸಿತಗಳಲ್ಲಿ ಅನೇಕರು ಸತ್ತರು, ಬಹಳ ಕುಟುಂಬಗಳನ್ನು ಬಯಲಿಗೆ ಒಯ್ದು ನೆಲೆಗೊಳಿಸಬೇಕಾಯಿತು. 1990ರ ದಶಕದಲ್ಲಿ ದರೋಡೆಯ ಭಯದಿಂದ ಹೊರಗಿನವರು ಇತ್ತ ಬರಲು ಅಂಜುತ್ತಿದ್ದರು. 2004ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಶಾಂತಿ ನೆಲೆಸಿತು. ಪ್ರವಾಸಿಗರು ಬಂದರು, ಮನೆಗಳು ಅತಿಥಿಗೃಹಗಳಾದವು. ಊರು ಬಿಟ್ಟು ಹೋಗಬೇಕಾಗಿದ್ದ ಯುವಕರಿಗೆ ಊರಲ್ಲೇ ದುಡಿಮೆ ಸಿಕ್ಕಿತು. ಇದು ಸಣ್ಣ ಲಾಭವಲ್ಲ.

ಹಾಗಾದರೆ ಚಿಂತೆ ಯಾವುದು? ಎರಡು ಮಾತು ಹೇಳುತ್ತೇನೆ. ಮೊದಲನೆಯದು ಗೋಪುರ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಚಾವಣಿ ಕೆಟ್ಟ ಗೋಪುರದ ಗಾರೆಯೊಳಗೆ ನೀರಿಳಿದು, ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿದರೆ ಪ್ರತಿವರ್ಷವೂ ಒಂದಿಷ್ಟು ಕಲ್ಲು ಸಡಿಲವಾಗುತ್ತದೆ. ಉಷ್ಗುಲಿಯ ಚಜಾಷಿ ಹಳ್ಳಿ 1996ರಲ್ಲೇ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿ ಗೌರವ ಕೊಡುತ್ತದೆ, ಹೆಂಚು ಹೊದಿಸುವುದಿಲ್ಲ. ಅದಕ್ಕೆ ಆ ಮನೆಯಲ್ಲಿ ಜನ ವಾಸವಿರಬೇಕು.

ಎರಡನೆಯದು ಭಾಷೆ. ಸ್ವಾನ ಭಾಷೆ ಜಾರ್ಜಿಯನ್ ಭಾಷೆಯ ನೆಂಟನೇ. ಆದರೆ ಆ ಕುಟುಂಬದಿಂದ ಎಲ್ಲಕ್ಕಿಂತ ಮೊದಲು ಬೇರೆಯಾದದ್ದರಿಂದ ತಿಬಿಲಿಸಿಯವರಿಗೆ ಅರ್ಥವಾಗದು. ಮನೆಯಲ್ಲಿ ಸ್ವಾನ, ಶಾಲೆಯಲ್ಲಿ, ಕಚೇರಿಯಲ್ಲಿ ಜಾರ್ಜಿಯನ್. ಕೊಡಗಿನ ಮನೆಗಳನ್ನು ಬಲ್ಲ ನಮಗೆ ಈ ಪರಿಸ್ಥಿತಿ ಹೊಸದಲ್ಲ. ಯುನೆಸ್ಕೋ ಇದನ್ನು ಅಳಿವಿನ ಅಪಾಯದ ಭಾಷೆಗಳಲ್ಲಿ ಸೇರಿಸಿದೆ. ಮೂರು ದನಿಗಳು ಬೇರೆಬೇರೆಯಾಗಿ ಹೊರಟು ಒಂದಾಗುವ ಸ್ವಾನರ ಸಮೂಹಗಾನ ಇರುವುದೂ ಈ ಭಾಷೆಯಲ್ಲೇ. ಕಲ್ಲು ಬಿದ್ದರೆ ಮತ್ತೆ ಕಟ್ಟಬಹುದು. ಅಜ್ಜಿ ಮೊಮ್ಮಗುವಿನೊಡನೆ ಆಡುವುದನ್ನು ನಿಲ್ಲಿಸಿದ ಮಾತನ್ನು ಕಟ್ಟುವ ಗಾರೆಯವನು ಎಲ್ಲಿ ಸಿಕ್ಕಾನು?

ನೀವು ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ದೊಡ್ಡ ಹೋಟೆಲಿಗಿಂತ ಮನೆಯ ಅತಿಥಿಗೃಹ ಮೇಲು. ಮಾಂಸ ತುಂಬಿದ ಕುಬ್ದಾರಿ ರೊಟ್ಟಿ ಅಲ್ಲಿಯ ವಿಶೇಷ. ಸಸ್ಯಾಹಾರಿಗಳಿಗೆ ಗಿಣ್ಣು ಬೆರೆಸಿ ಕಡೆದ ಆಲೂಗೆಡ್ಡೆ ಸಿಗುತ್ತದೆ. ಜನರ ಚಿತ್ರ ತೆಗೆಯುವ ಮುನ್ನ ಕೇಳಿ. ಊರಿನ ಭಾಷೆಯ ನಾಲ್ಕು ಪದ ಕಲಿಯಿರಿ. ದಿನದಲ್ಲಿ ನೋಡಿ ಮುಗಿಸುವ ಆತುರ ಬೇಡ. ಮೂರು ರಾತ್ರಿಯಾದರೂ ಉಳಿಯಿರಿ. ಹಿಂದೆ ಹಿಮ ಮಾಡುತ್ತಿದ್ದ ಕಾವಲಿನ ಕೆಲಸ ಈಗ ಅಲ್ಲಿಯ ಮನೆಯವರ ಪಾಲಿಗೆ ಬಂದಿದೆ. ಅವರು ಅಲ್ಲೇ ನೆಲೆ ನಿಂತು ಬಾಳುವುದಕ್ಕೆ ಬಂದುಹೋಗುವವರ ಮರ್ಯಾದೆಯೂ ನೆರವಾಗುತ್ತದೆ.