ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಕೋರಮಂಡಲ್‌ನ ದಿಬ್ಬಗಳು ಮತ್ತು ಚಿತ್ರಜೋಡಣೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಛಾಯಾಚಿತ್ರ ಕಮ್ಮಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಡುವ ರೈಲು ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದುಹೋಗುತ್ತದೆ. ಆ ದಾರಿಯಲ್ಲಿ ಮೊದಲ ಬಾರಿ ಪ್ರಯಾಣಿಸುವ ಮಲೆನಾಡಿಗರಿಗೆ ಕೋಲಾರದ ಚಿನ್ನದ ಗಣಿ ಪ್ರದೇಶದ ದಿಬ್ಬಗಳು ಕ್ಷಣಕಾಲ ಬೆಟ್ಟಗಳೆಂದೇ ತೋರುತ್ತವೆ. ದೃಷ್ಟಿ ನಿಲ್ಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅವುಗಳ ನೆತ್ತಿ ಚಪ್ಪಟೆ. ಬಣ್ಣ ಬೂದಿ ಬೆರೆತ ಬಿಳುಪು. ಮೈಮೇಲೆ ಮಳೆ ಕೊರೆದ ಸೀಳುಗಳು. ಅಲ್ಲಿ ಹಸಿರು ಅಪರೂಪ. ಅವು ಪ್ರಕೃತಿ ಎತ್ತಿದ ಬೆಟ್ಟಗಳಲ್ಲ, ಮನುಷ್ಯ ಸುರಿದ ರಾಶಿಗಳು. ಊರಿನವರ ಬಾಯಲ್ಲಿ ಅವು ‘ಸೈನೈಡ್ ಗುಡ್ಡ’ಗಳು.

ಈ ರಾಶಿಗಳ ಕಥೆ ಸಂಕ್ಷಿಪ್ತವಾಗಿ ಹೀಗಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಕ ಇಲ್ಲಿ ಆಧುನಿಕ ಗಣಿಗಾರಿಕೆ ಬೇರೂರಿತು. ಸ್ವಾತಂತ್ರ್ಯಾನಂತರ ಗಣಿಗಳು ಸರಕಾರದ ಕೈಗೆ ಬಂದವು. 1972ರಲ್ಲಿ ಸ್ಥಾಪನೆಗೊಂಡ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳದಿಂದ ಎತ್ತಿದ ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಲಾಗುತ್ತಿತ್ತು. ಒಂದು ಶತಮಾನಕ್ಕೂ ಮೀರಿದ ಈ ಕಾಯಕದಲ್ಲಿ ದೊರೆತ ಚಿನ್ನ ಸುಮಾರು 800 ಟನ್ನುಗಳೆಂಬುದು ಸಾಮಾನ್ಯ ಅಂದಾಜು. ಉಳಿದ ಹಿಟ್ಟು ಸುಮಾರು 3.3 ಕೋಟಿ ಟನ್. ಚಿನ್ನ ಊರು ಬಿಟ್ಟು ಹೋಯಿತು. ಹಿಟ್ಟು ಊರಿನಲ್ಲೇ ಉಳಿಯಿತು.

ಈ ಗುಡ್ಡಗಳ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಸಂಜೆಯ ಬೆಳಕಿನಲ್ಲಿ ಅವು ಸುಂದರವಾಗಿಯೇ ಕಾಣುತ್ತವೆ. 2018ರಲ್ಲಿ ತೆರೆಕಂಡ ‘ಕೆಜಿಎಫ್’ ಚಲನಚಿತ್ರದ ನಂತರವಂತೂ ಗಣಿಯೂರಿನ ಕಲ್ಪಿತ ರೂಪವೊಂದು ದೇಶದಾದ್ಯಂತ ಪ್ರೇಕ್ಷಕರ ಕಣ್ಣಿನಲ್ಲಿ ನೆಲೆಸಿತು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಆಷಾಢದ ಗಾಳಿಗೆ ಏಳುವ ಧೂಳು, ಹಿಂಗಾರು ಮಳೆಗೆ ತೊಳೆದು ತಗ್ಗಿಗೆ ಇಳಿಯುವ ಹೂಳು, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲಿನ ಪುಡಿ: ಇವು ಮೂರೂ ಒಂದೇ ಚೌಕಟ್ಟಿಗೆ ಸಿಕ್ಕುವುದಿಲ್ಲ. ಅವು ಬೇರೆ ಬೇರೆ ಋತುಗಳಲ್ಲಿ, ಬೇರೆ ಬೇರೆ ಜಾಗಗಳಲ್ಲಿ ನಡೆಯುತ್ತವೆ. ಅವನ್ನು ಒಂದೇ ಹಾಳೆಯ ಮೇಲೆ ತರುವ ಸಾಧನವೇ ಚಿತ್ರಜೋಡಣೆ, ಅಂದರೆ ಕೊಲಾಜ್.

ಇಂದು ಈ ಕೆಲಸಕ್ಕೆ ಮತ್ತೊಂದು ತುರ್ತು ಒದಗಿದೆ. 2024ರ ಜೂನ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಸಾವಿರ ಎಕರೆಗೂ ಮೀರಿದ ಪ್ರದೇಶದಲ್ಲಿರುವ 13 ತ್ಯಾಜ್ಯ ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಸಮ್ಮತಿಸಿತು. ದಿಬ್ಬಗಳನ್ನು ಅಗೆದು ಉಳಿದ ಚಿನ್ನವನ್ನು ತೆಗೆಯುವುದರಿಂದ ಊರಿಗೆ ಉದ್ಯೋಗ ದೊರೆಯಬಹುದು, ಧೂಳು ಹೆಚ್ಚಲೂಬಹುದು. ಮುಂದೆ ‘ಮೊದಲು ಹೇಗಿತ್ತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಗೆತಕ್ಕೆ ಮುಂಚಿನ ಸ್ಥಿತಿಯ ದಾಖಲೆ ಊರಿನವರ ಕೈಯಲ್ಲಿ ಇಲ್ಲದಿದ್ದರೆ, ಉತ್ತರ ಹೇಳುವ ಅಧಿಕಾರ ಬೇರೆಯವರ ಪಾಲಾಗುತ್ತದೆ.

ದಾಖಲೆ ಎಂಬ ಮಾತು ಬಂದೊಡನೆ ನಂಬಿಕೆಯ ಪ್ರಶ್ನೆ ಏಳುತ್ತದೆ. ಚಿತ್ರಗಳನ್ನು ಬೆಸೆಯುವ ಕಲೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1857ರಲ್ಲಿಯೇ ಆಸ್ಕರ್ ರೈಲಾಂಡರ್ ಎಂಬ ಛಾಯಾಗ್ರಾಹಕ ಸುಮಾರು ಮೂವತ್ತು ನೆಗೆಟಿವ್‌ಗಳನ್ನು ಬೆಸೆದು ಒಂದೇ ದೃಶ್ಯವೆಂಬಂತೆ ಕಾಣುವ ಚಿತ್ರ ರಚಿಸಿದ. 1930ರ ದಶಕದಲ್ಲಿ ಜಾನ್ ಹಾರ್ಟ್‌ಫೀಲ್ಡ್ ಎಂಬ ಜರ್ಮನ್ ಕಲಾವಿದ ಹಿಟ್ಲರನ ವಿರುದ್ಧ ಕತ್ತರಿ-ಅಂಟುಗಳನ್ನೇ ಆಯುಧವಾಗಿಸಿಕೊಂಡ. ಮೊದಲನೆಯದರಲ್ಲಿ ಬೆಸುಗೆ ಅಡಗಿತ್ತು. ಎರಡನೆಯದರಲ್ಲಿ ಇದು ಜೋಡಿಸಿದ ಚಿತ್ರವೆಂಬುದು ನೋಡುಗನಿಗೆ ಸ್ಪಷ್ಟವಿತ್ತು. 1990ರಲ್ಲಿ ಬಂದ ಫೋಟೋಶಾಪ್, 1996ರಿಂದ ಉಚಿತವಾಗಿ ದೊರೆಯುತ್ತಿರುವ ಗಿಂಪ್ ಮುಂತಾದ ತಂತ್ರಾಂಶಗಳು ಈ ಎರಡೂ ದಾರಿಗಳನ್ನು ಎಲ್ಲರಿಗೂ ಸುಲಭಗೊಳಿಸಿದವು. ಪರಿಸರದ ಕೆಲಸಕ್ಕೆ ಹೊಂದುವುದು ಎರಡನೆಯ ದಾರಿ. ಬೆಸುಗೆ ಕಾಣಬೇಕು.

ಕೆಲಸ ಆರಂಭವಾಗುವುದು ಕಂಪ್ಯೂಟರಿನ ಮುಂದಲ್ಲ, ಬಯಲಿನಲ್ಲಿ. ದಿಬ್ಬಕ್ಕೆ ಎದುರಾಗಿ ಮರಳಿ ಹೋಗಿ ನಿಲ್ಲಬಹುದಾದ ಜಾಗವೊಂದನ್ನು ಮೊದಲು ಗುರುತಿಸಬೇಕು: ರಸ್ತೆಯ ಮೋರಿ, ದೇವಸ್ಥಾನದ ಕಟ್ಟೆ, ಮೈಲಿಗಲ್ಲು. ಅಲ್ಲಿಂದಲೇ ಆಷಾಢದಲ್ಲೊಮ್ಮೆ, ಕಾರ್ತಿಕದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಸಾಧ್ಯವಾದಷ್ಟು ಅದೇ ಹೊತ್ತಿನಲ್ಲಿ ಚಿತ್ರ ತೆಗೆಯಬೇಕು. ಅಳತೆ ತಿಳಿಯಲು ಚೌಕಟ್ಟಿನಲ್ಲಿ ಒಬ್ಬ ಮನುಷ್ಯನೋ ಉದ್ದ ಗೊತ್ತಿರುವ ಕೋಲೋ ಇರಲಿ. ದಿನಾಂಕ, ವೇಳೆ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ಗಾಳಿಯ ದಿಕ್ಕು ಇವನ್ನು ನೋಟ್‌ಬುಕ್ಕಿನಲ್ಲಿ ಅಲ್ಲಿಯೇ ಬರೆಯಬೇಕು. ದೂರದ ವಸ್ತುವನ್ನು ಹತ್ತಿರ ತರುವ ಝೂಮ್ ಬಳಸಬಾರದು. ದೂರದಿಂದ ಝೂಮ್ ಮಾಡಿ ತೆಗೆದ ಚಿತ್ರದಲ್ಲಿ ಒಂದು ಕಿಲೋಮೀಟರ್ ಆಚೆಗಿರುವ ದಿಬ್ಬ ಮನೆಯ ಹಿತ್ತಿಲಿಗೇ ತಾಗಿದಂತೆ ಕಾಣುತ್ತದೆ. ತಂತ್ರಾಂಶವನ್ನು ಮುಟ್ಟುವ ಮೊದಲೇ ಸುಳ್ಳು ನುಸುಳುವುದು ಹೀಗೆ.

ಹಳೆಯ ಚಿತ್ರಗಳು ಗಣಿಕಾರ್ಮಿಕರ ಮನೆಗಳ ಆಲ್ಬಮ್‌ಗಳಲ್ಲಿ ದೊರೆಯುವ ಸಂಭವವಿದೆ. ಮದುವೆಯ ದಿಬ್ಬಣದ ಹಿಂದೆ, ಶಾಲಾ ತಂಡದ ಹಿಂದೆ ದಿಬ್ಬದ ಅಂಚು ತಾನಾಗಿ ದಾಖಲಾಗಿರುತ್ತದೆ. ಮನೆಯವರ ಒಪ್ಪಿಗೆ ಪಡೆದು ಅವನ್ನು ಸ್ಕ್ಯಾನ್ ಮಾಡಿ ಮೂಲವನ್ನು ಹಿಂದಿರುಗಿಸಬೇಕು. ವಾಟ್ಸಾಪ್ ಮೂಲಕ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುತ್ತದೆ, ಕಡತದೊಳಗಿನ ದಿನಾಂಕದ ವಿವರವೂ ಅಳಿಯುತ್ತದೆ. ಆದ್ದರಿಂದ ಪೆನ್‌ಡ್ರೈವ್ ಅಥವಾ ಕೇಬಲ್ ಮೂಲಕವೇ ಪಡೆಯುವುದು ಲೇಸು.

ಇನ್ನು ಕಂಪ್ಯೂಟರಿನ ಕೆಲಸ. ಎ3 ಅಳತೆಯ ಮುದ್ರಣಕ್ಕೆ, ಅಂಗುಲಕ್ಕೆ 300 ಚುಕ್ಕಿಗಳಂತೆ, ಸುಮಾರು 4,960 × 3,508 ಪಿಕ್ಸೆಲ್‌ಗಳ ಖಾಲಿ ಹಾಳೆಯನ್ನು ಗಿಂಪ್‌ನಲ್ಲಿ ತೆರೆಯಬೇಕು. ಮೂಲ ಚಿತ್ರಗಳನ್ನು ಮುಟ್ಟದೆ, ಅವುಗಳ ಪ್ರತಿಗಳನ್ನು ಒಂದೊಂದು ಲೇಯರ್ ಆಗಿ, ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಪದರಗಳಂತೆ, ಸೇರಿಸಬೇಕು. ಹಿಗ್ಗಿಸುವಾಗ ಕುಗ್ಗಿಸುವಾಗ ಉದ್ದ-ಅಗಲದ ಅನುಪಾತ ಕೆಡಬಾರದು; ಎತ್ತರಕ್ಕೆ ಎಳೆದರೆ ದಿಬ್ಬ ತಾನಾಗಿ ಬೆಳೆದುಬಿಡುತ್ತದೆ. ಹಳೆಯ ಮತ್ತು ಹೊಸ ಚಿತ್ರವನ್ನು ಹೊಂದಿಸಲು ಮೇಲಿನ ಪದರದ ಗಾಢತೆಯನ್ನು ಅರ್ಧಕ್ಕೆ ಇಳಿಸಿ, ಎರಡರಲ್ಲೂ ಇರುವ ಸ್ಥಿರವಸ್ತುಗಳು, ಉದಾಹರಣೆಗೆ ಗಣಿಬಾವಿಯ ಮೇಲಿನ ಉಕ್ಕಿನ ಗೋಪುರ ಅಥವಾ ಚರ್ಚಿನ ಶಿಖರ, ಒಂದರ ಮೇಲೊಂದು ಕೂರುವವರೆಗೆ ಸರಿಸಬೇಕು. ಬಳಿಕ ಗಾಢತೆಯನ್ನು ಮೊದಲಿನಂತೆ ಏರಿಸಿ, ಎರಡನ್ನೂ ಒಂದೇ ಅಂಚಿಗೆ ಕತ್ತರಿಸಿ ಅಕ್ಕಪಕ್ಕ ಇಡಬಹುದು. ಚಿತ್ರ-ಚಿತ್ರಗಳ ನಡುವೆ ಬಿಳಿಯ ಗೆರೆ ಇರಲಿ. ಪದರಗಳುಳ್ಳ ಕಡತವನ್ನು ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿ, ಮುದ್ರಣಕ್ಕೆ ಮಾತ್ರ ಜೆಪೆಗ್ ಪ್ರತಿ ತೆಗೆಯಬೇಕು. ಯಾರಾದರೂ ಪ್ರಶ್ನಿಸಿದಾಗ ಪದರಗಳನ್ನು ಬಿಚ್ಚಿ ತೋರಿಸಲು ಇದರಿಂದ ಸಾಧ್ಯ.

ಒಂದು ಭಾಗವನ್ನು ನಕಲು ಮಾಡಿ ಮತ್ತೊಂದೆಡೆ ಮೆತ್ತುವ ಕ್ಲೋನ್ ಉಪಕರಣವನ್ನು ಮುಟ್ಟಲೇಬಾರದು. ಬೆಳಕನ್ನು ತಿದ್ದುವುದಾದರೆ ಹೋಲಿಕೆಗೆ ಇಟ್ಟ ಚಿತ್ರಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ತಿದ್ದಬೇಕು. ಶಾಲೆಯ ಹಿಂದೆ ಇಲ್ಲದ ದಿಬ್ಬವನ್ನು ತಂದು ನಿಲ್ಲಿಸಲು ಐದು ನಿಮಿಷ ಸಾಕು. ಆ ಒಂದು ಸುಳ್ಳು ಬೆಸುಗೆ ಸಿಕ್ಕಿಬಿದ್ದ ದಿನ ಉಳಿದ ಇಪ್ಪತ್ತು ನಿಜ ಚಿತ್ರಗಳೂ ಅದರೊಂದಿಗೆ ಬಿದ್ದುಹೋಗುತ್ತವೆ. ಆಗ ನಷ್ಟ ಧೂಳು ಉಣ್ಣುತ್ತಿರುವವರಿಗೆ.

ಚಿತ್ರದಷ್ಟೇ ಎಚ್ಚರ ಅಡಿಬರಹದಲ್ಲಿಯೂ ಬೇಕು. ‘ಸೈನೈಡ್ ವಿಷ ಊರಿನ ಮೇಲೆ’ ಎಂದು ಬರೆಯುವುದು ಸುಲಭ. ಆದರೆ ಬಿಡಿ ಸೈನೈಡ್ ಬಿಸಿಲು-ಗಾಳಿಗೆ ಕಾಲಕ್ರಮೇಣ ವಿಘಟಿತವಾಗುವಂಥದು. ಉಳಿಯುವುದು ಬೇರೆ: ನುಣ್ಣನೆಯ ಸಿಲಿಕಾ ಧೂಳು, ಬಂಡೆಯಲ್ಲಿದ್ದ ಲೋಹಾಂಶಗಳು, ಗಾಳಿ-ನೀರು ತಾಗಿದಾಗ ಆಮ್ಲ ಹುಟ್ಟಿಸಬಲ್ಲ ಗಂಧಕಯುಕ್ತ ಖನಿಜಗಳು. ಸಾವಯವಾಂಶವೂ ಸಾರಜನಕವೂ ಇಲ್ಲವೆನ್ನುವಷ್ಟು ಕಡಿಮೆಯಿರುವ ಇಂಥ ಹಿಟ್ಟು ಕೃಷಿಯ ಅರ್ಥದಲ್ಲಿ ಮಣ್ಣೇ ಅಲ್ಲ. ಬಾವಿಯ ನೀರನ್ನು ಪರೀಕ್ಷಿಸದೆ ಅದನ್ನು ವಿಷವೆಂದು ಬರೆಯಬಾರದು; ಪರೀಕ್ಷಿಸಿದ್ದರೆ ಫಲಿತಾಂಶವನ್ನು ದಿನಾಂಕದೊಡನೆ ಬರೆಯಬೇಕು. ಕನ್ನಡ, ತಮಿಳು, ತೆಲುಗು ಮೂರೂ ಕೇಳಿಬರುವ ಆ ಊರಿನಲ್ಲಿ ಅಡಿಬರಹ ಮೂರು ಭಾಷೆಗಳಲ್ಲಿ ಇರುವುದು ನ್ಯಾಯ.

ಚಿತ್ರಕ್ಕೆ ನಿಲುಕದ ಸಂಗತಿಯೂ ಇದೆ. 1940ರ ದಶಕದ ಸಮೀಕ್ಷೆಯೊಂದರಲ್ಲಿ ಪರೀಕ್ಷೆಗೊಳಗಾದ ಇಲ್ಲಿನ ಏಳು ಸಾವಿರಕ್ಕೂ ಹೆಚ್ಚು ಗಣಿಕಾರ್ಮಿಕರಲ್ಲಿ ಶೇಕಡಾ 40ಕ್ಕೂ ಮೀರಿ ಸಿಲಿಕೋಸಿಸ್ ಕಂಡುಬಂದಿತ್ತು. ಅದು ಗಣಿಯೊಳಗಿನ ಧೂಳಿನ ಫಲ. ಆ ಅಂಕಿಯನ್ನು ದಿಬ್ಬದ ಧೂಳಿಗೆ ನೇರವಾಗಿ ಅಂಟಿಸುವಂತಿಲ್ಲ. ಆದರೆ ಶ್ವಾಸಕೋಶಕ್ಕೆ ಇಳಿಯುವ ಕಣ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲವೆಂಬ ಪಾಠ ಅದರಲ್ಲಿದೆ. ಹಾಳೆಯ ಮೂಲೆಯಲ್ಲಿ ಆ ಅಂಕಿಗೂ, ಅದರ ಮಿತಿಯ ಮಾತಿಗೂ ಜಾಗ ಬಿಡಬೇಕು. ರೋಗಿಗಳ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಬಾರದು.

ಇದು ಬಯಲುಸೀಮೆಯ ಊರಿನ ಕಥೆಯೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಆದರೆ ಲಕ್ಯಾ ಅಣೆಕಟ್ಟಿನ ಹಿಂದೆ ಸಂಗ್ರಹವಾದ ಅದಿರಿನ ಹೂಳು ಗಣಿಯೊಂದಿಗೆ ಎದ್ದುಹೋಗಲಿಲ್ಲ. ಕೋರಮಂಡಲ್‌ಗಾಗಿ ಕಲಿತ ವಿಧಾನ ಅಲ್ಲಿಗೂ, ಪ್ರತಿ ಮಳೆಗಾಲ ಕುಸಿಯುವ ಗುಡ್ಡಗಳಿಗೂ, ಅಗಲಗೊಳ್ಳುವ ಘಟ್ಟದ ರಸ್ತೆಗಳಿಗೂ ಸಲ್ಲುತ್ತದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಪ್ರಮಾಣಿಸಿ ನೋಡಲು ನೋಡುಗನಿಗೆ ಅವಕಾಶ ಕೊಡುವ ಚಿತ್ರಜೋಡಣೆಯೇ ಊರಿಗೆ ಬೇಕಾದದ್ದು. ಮುಂದಿನ ಆಷಾಢಕ್ಕೆ ಮುನ್ನ ಪ್ರತಿ ಊರಿನವರೂ ತಮ್ಮ ನಿಲ್ಲುವ ಜಾಗವನ್ನು ಗುರುತಿಸಿ, ಮೊದಲ ಚಿತ್ರವನ್ನು ತೆಗೆದು, ನೋಟ್‌ಬುಕ್ಕಿನ ಮೊದಲ ಸಾಲನ್ನು ಬರೆದಿಡಲಿ.